ಕಚ್ಚು

ಸಿಂಡೋ ಪೇಟೆಯಲ್ಲಿ, ಒಣಮೀನಿನ ಸಾಲು ಮುಗಿಯುವಲ್ಲಿ,
ತಗಡಿನ ಮಾಡಿನ ಕೆಳಗೆ ನನ್ನ ಮಿಷನ್ನು.
ಹೆಸರು ಅಪೊಂಡಿ. ಹದಿನೇಳು ವರ್ಷದಿಂದ ಹೊಲಿಯುತ್ತಿದ್ದೇನೆ:
ಶಾಲೆಯ ಸಮವಸ್ತ್ರ, ಚರ್ಚಿನ ಹಾಡುಗಾರರ ನಿಲುವಂಗಿ,
ಠಾಣೆಯವರ ಪ್ಯಾಂಟುಗಳೂ ಇಲ್ಲಿಗೇ ಬರುತ್ತವೆ, ಸೊಂಟ ಸಡಿಲಿಸಲು.
ಅವರೆಲ್ಲರ ಅಳತೆ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿದೆ.

ಅದೇ ಪುಸ್ತಕದಲ್ಲಿ ತಮ್ಮನದೂ ಇದೆ.
ಒಗ್ವೆನೊ. ಎದೆ ಮೂವತ್ತೆಂಟು. ಹುಟ್ಟು ಹಾಕಿ ಹಾಕಿ
ಬಲಹೆಗಲು ಎಡಕ್ಕಿಂತ ಅರ್ಧ ಇಂಚು ಇಳಿದಿತ್ತು.
ಬಲೆ ಎಳೆಯುವವನಿಗೆ ತೆಳುಬಟ್ಟೆ ತಾಳದೆಂದು
ದಪ್ಪ ನೀಲಿ ಡ್ರಿಲ್ಲು ಆರಿಸಿ
ಹೊಲಿಗೆಯ ಮೇಲೆ ಹೊಲಿಗೆ ಹಾಕಿ ಕೊಟ್ಟಿದ್ದೆ.
"ನಾನು ಸತ್ತರೂ ಇದು ಹರಿಯುವುದಿಲ್ಲ ಅಕ್ಕಾ" ಅಂದಿದ್ದ.
ಮಾತಿಗೆ ಅಂದದ್ದು.

ಶನಿವಾರ ಸಂಜೆ, ದೋಣಿಯ ಇಂಜಿನ್ ಕಳವೆಂದು ಕರೆದೊಯ್ದರು.
ಭಾನುವಾರ ಗಂಜಿ ಒಯ್ದೆ. "ನಿದ್ದೆಯಲ್ಲಿದ್ದಾನೆ" ಅಂದರು.
ಡಬ್ಬಿ ಒಳಗೆ ಹೋಯಿತು. ಖಾಲಿಯಾಗಿ ವಾಪಸು ಬಂತು.
ಉಂಡನಲ್ಲ, ಸಾಕು ಎಂದು ಮನೆಗೆ ಬಂದು ಮಲಗಿದೆ ನಾನು.
ಅಷ್ಟು ಹೊತ್ತಿಗೆ ಅವನ ಮೈ ತಣ್ಣಗಾಗಿ ಅರ್ಧ ದಿನವಾಗಿತ್ತು,
ಡಾಕ್ಟರ ಕಾಗದ ಹಾಗೆನ್ನುತ್ತದೆ.
ಆ ಗಂಜಿ ಉಂಡವರು ಯಾರು?
ಯಾವ ಕೋರ್ಟೂ ಇದನ್ನು ಕೇಳಿಲ್ಲ. ನಾನು ರಾತ್ರಿ ಕೇಳುತ್ತೇನೆ.

ಸೋಮವಾರ ಹೇಳಿದರು: ಅಂಗಿ ಹರಿದು, ಪಟ್ಟಿ ಮಾಡಿ,
ಕಿಟಕಿಯ ಸರಳಿಗೆ ಬಿಗಿದು, ತಾನಾಗಿಯೇ.
ತಾನಾಗಿಯೇ ಎಂಬ ಮಾತು ವರದಿಯಲ್ಲಿ ಐದು ಸಲ ಇದೆ.

ಮೂರು ವರ್ಷ.
ವಕೀಲೆ ಕಗೆಂಡೊ ತನ್ನದೇ ದುಡ್ಡಿನಲ್ಲಿ ಬಸ್ಸು ಹತ್ತಿ ಬಂದಳು.
ಠಾಣೆಯ ದಿನಚರಿಯಲ್ಲಿ ಆ ಎರಡು ಹಾಳೆ ಮಾತ್ರ ಗೆದ್ದಲು ತಿಂದಿತ್ತಂತೆ.
ನಮ್ಮೂರ ಗೆದ್ದಲಿಗೆ ಓದು ಬರುತ್ತದೆ.
ಉಳಿದದ್ದು ಅಂಗಿ, ಕಂದು ಕಾಗದದ ಚೀಲದೊಳಗೆ.

ಕೋರ್ಟಿನ ಮೇಜಿನ ಮೇಲೆ ಹಾಸಿದಾಗ ಅಳು ಬರಲಿಲ್ಲ.
ಕಸುಬಿನವಳ ಕಣ್ಣು ಮೊದಲು ಹೊಲಿಗೆಗೇ ಹೋಗುತ್ತದೆ, ಏನು ಮಾಡಲಿ.
ಕೊರಳಪಟ್ಟಿ ನೋಡಿದೆ. ಕಾಜ ನೋಡಿದೆ. ಆಮೇಲೆ ಕೆಳ ಅಂಚು.

"ಸ್ವಾಮಿ, ಮಡಿಚಿ ಹೊಲಿದ ಅಂಚು ಬರಿಗೈಗೆ ಬಗ್ಗದು.
ಮೊದಲು ಕತ್ತರಿಯಿಂದ ಕಚ್ಚು ಹಾಕಬೇಕು, ಆಮೇಲೆ ಎಳೆದರೆ ಸೀಳುತ್ತದೆ.
ಇಗೋ ಕಚ್ಚು. ಎರಡು ಬೆರಳುದ್ದ. ಒಂದು ಎಳೆಯೂ ಹಿಂಜಿಲ್ಲ.
ಅದರ ಮೇಲಕ್ಕೆ ಎಳೆಗಳು ಗಿಡ್ಡ ಉದ್ದ ನಾಲಗೆ ಚಾಚಿವೆ, ಅದು ಹರಿದದ್ದು.
ಇದು ಕತ್ತರಿಸಿದ್ದು.
ಬೆಲ್ಟು, ಬೂಟಿನ ದಾರ, ಕೊರಳ ಶಿಲುಬೆ,
ಎಲ್ಲ ಬಾಗಿಲಲ್ಲೇ ಬಿಚ್ಚಿಸಿಕೊಂಡಿದ್ದರು.
ಕತ್ತರಿ ಯಾರದು?"

ಅವರ ಕಡೆಯ ವಕೀಲ ಎದ್ದ: "ಈಕೆ ತಜ್ಞೆಯೇ? ಯಾವ ಪದವಿ?"

ಅದೇ ಥಾನಿನ ತುಂಡೊಂದನ್ನು ಅಂಚು ಹೊಲಿದು ತಂದಿದ್ದೆ.
ಸಾರ್ಜೆಂಟನ ಮುಂದಿಟ್ಟೆ.
"ಹರಿಯಿರಿ."

ಆತನ ಸೊಂಟ ನಲವತ್ತೆರಡು. ತೋಳು ಗಟ್ಟಿ. ನನಗೆ ಗೊತ್ತು.
ಮ್ಯಾಜಿಸ್ಟ್ರೇಟರನ್ನು ನೋಡಿದ, ತಿರುಗದ ಫ್ಯಾನನ್ನು ನೋಡಿದ,
ಬಟ್ಟೆ ಮುಟ್ಟಲಿಲ್ಲ.

ವಿಚಾರಣೆ ನವೆಂಬರಿಗೆ ಹೋಯಿತು.
ಗುಮಾಸ್ತ ತುಂಡಿಗೆ ಚೀಟಿ ಅಂಟಿಸಿ ನಂಬರು ಬರೆದ. ಅಷ್ಟು ಆಯಿತು.

ಅಂಗಡಿಗೆ ಬಂದರೆ ಶಾಲೆಯ ಲಂಗಕ್ಕೆ ಹುಡುಗಿಯೊಬ್ಬಳು ಕಾದಿದ್ದಳು.
ಅವಳ ಹಿಂದೆ ಎಳೆಯ ಪೇದೆ, ಕಂಕುಳಲ್ಲಿ ಪ್ಯಾಂಟು.
ಲಂಗದ ಬಟ್ಟೆಗೆ ಕಚ್ಚು ಹಾಕಿ ಒಮ್ಮೆಗೇ ಎಳೆದೆ.
ಆ ಸದ್ದಿಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನವೆಂಬರ್ ಕಳೆಯಲಿ" ಅಂದೆ.
"ಅಲ್ಲಿಯವರೆಗೆ ಬಿಗಿಯಾಗಿಯೇ ಇರಲಿ."